ರಾಗಿ ಬಣ್ಣದ ಹವಳ ಸತ್ತ ಹವಳ ಅಲ್ಲ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಬೆಂಗಳೂರಿನ ವಿಜಯನಗರದವರು. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಅವಳಿಗೆ ಹವಳದ ದಿಬ್ಬ ನೋಡಬೇಕೆಂಬ ಹುಚ್ಚು. ಅಂಡಮಾನಿನ ವಂಡೂರಿನಲ್ಲಿರುವ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ಜೊತೆಗೆ ನಮ್ಮಮ್ಮ ಬರುತ್ತಾರೆ, 66 ವರ್ಷ, ಮಂಡಿ ನೋವು. ನಮ್ಮಲ್ಲಿ ಯಾರಿಗೂ ಈಜು ಬರಲ್ಲ. ನನಗೆ ದಪ್ಪ ಕನ್ನಡಕ ಬೇರೆ. ಹೋಗಿ ಬಂದ ನೆಂಟರೊಬ್ಬರು "ಅಲ್ಲೇನಿದೆ, ಹವಳ ಎಲ್ಲಾ ಸತ್ತಿದೆ, ಬರೀ ಕಂದು ಕಲ್ಲು" ಅಂದರು. ಮೊಸಳೆ ಇದೆ ಅಂತಲೂ ಹೆದರಿಸಿದರು. ಹೋಗಬಹುದಾ? ಯಾವಾಗ ಹೋಗಬೇಕು? ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪವೇ ಸಾಕಾ? ಮಗಳು ನೆನಪಿಗೆ ಒಂದೆರಡು ಚಿಪ್ಪು ತರಬಹುದಾ?

ಉತ್ತರ: ನಮಸ್ಕಾರ. ಖಂಡಿತ ಹೋಗಿ. ಆದರೆ ಮೊದಲು ನಿಮ್ಮ ನೆಂಟರು ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ. ಕಡಲ ಹವಳದ ಮೇಲೆ ಕೆಲಸ ಮಾಡುವವಳಾಗಿ ಬೆಂಗಳೂರಿನಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಅದೇ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಅವರು ಕೊಟ್ಟ ಸಾಕ್ಷಿ ತಪ್ಪು.

ಜೀವಂತ ಹವಳದ ಬಣ್ಣ ಬಹುಪಾಲು ಕಂದು. ಕೆಲವು ಸಾಸಿವೆ ಹಳದಿ, ಕೆಲವು ಪಾಚಿ ಹಸಿರು, ಅಲ್ಲಲ್ಲಿ ತುದಿಯಲ್ಲಿ ನೀಲಿ ಅಥವಾ ನೇರಳೆ. ಉಳಿದಂತೆ ರಾಗಿ ಹಿಟ್ಟಿನ ಬಣ್ಣದಿಂದ ಹಿಡಿದು ರಾಗಿ ಮುದ್ದೆಯ ಬಣ್ಣದವರೆಗೆ. ನಮಗೆ ಹವಳ ಅಂದರೆ ಚಿನ್ನದ ಅಂಗಡಿಯ ಕೆಂಪು ಹವಳ. ಉಂಗುರಕ್ಕೆ ಕೂರಿಸುವ ಆ ಕೆಂಪು ಹವಳ ಬೇರೆಯೇ ಜೀವಿ. ಹೆಸರುವಾಸಿಯಾದದ್ದು ಮೆಡಿಟರೇನಿಯನ್ ಸಮುದ್ರದಲ್ಲಿ, ಬಂಡೆಗಳ ಕತ್ತಲು ಮೂಲೆಗಳಲ್ಲಿ ಬೆಳೆಯುತ್ತದೆ. ಅದು ಇಂಥ ದಿಬ್ಬ ಕಟ್ಟುವುದಿಲ್ಲ. ಇನ್ನು ಇಂಟರ್‌ನೆಟ್ಟಿನ ಫೋಟೋಗಳು. ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು. ಐದಾರು ಮೀಟರ್ ಕೆಳಗೆ ಹೋದರೆ ಕೆಂಪು ಬಹುಮಟ್ಟಿಗೆ ಮಾಯ. ಆ ಫೋಟೋಗಳಲ್ಲಿ ಹೊಳೆಯುವ ಬಣ್ಣ ಕ್ಯಾಮೆರಾದ ಲೈಟಿನಿಂದ ಅಥವಾ ಆಮೇಲೆ ಮಾಡಿದ ತಿದ್ದುಪಡಿಯಿಂದ ಬಂದದ್ದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಎದುರಿಗಿರುವ ಜೀವಂತ ದಿಬ್ಬ ಕಲ್ಲಿನ ರಾಶಿಯಂತೆ ಕಾಣುತ್ತದೆ.

ಕಂದು ಯಾಕೆ? ಹವಳ ಒಂದು ಪ್ರಾಣಿ. ಕೆಲವೇ ಮಿಲಿಮೀಟರ್‌ನ ಮೆತ್ತನೆ ಜೀವಿಗಳು ಸಾವಿರಗಟ್ಟಲೆ ಒಟ್ಟಿಗೆ ಕೂತು, ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ಒಂದೊಂದನ್ನೂ ಪಾಲಿಪ್ ಅನ್ನುತ್ತೇವೆ. ಈ ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆಗಿರುತ್ತವೆ. ಅವು ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟದ ಹೆಚ್ಚಿನ ಪಾಲು ಕೊಡುತ್ತವೆ. ಆ ಕಂದು ಬಣ್ಣ ಬಾಡಿಗೆದಾರರದ್ದು. ಅಂದರೆ ಕಂದು ಕಂಡರೆ ಮನೆಯಲ್ಲಿ ಒಲೆ ಉರಿಯುತ್ತಿದೆ ಅಂತ ಅರ್ಥ.

ಭಯಪಡಬೇಕಾದ ಬಣ್ಣ ಬಿಳಿ. ಬೇಸಿಗೆಯ ಗರಿಷ್ಠ ಬಿಸಿಗಿಂತ ನೀರು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬುತ್ತದೆ. ಆಗ ಮೈ ಪಾರದರ್ಶಕವಾಗಿ ಒಳಗಿನ ಸುಣ್ಣದ ಬಿಳಿ ಕಾಣುತ್ತದೆ. ಪ್ರವಾಸಿಗರು "ಎಷ್ಟು ಚೆನ್ನಾಗಿದೆ, ಹಾಲಿನ ಹಾಗೆ" ಅಂದು ಫೋಟೋ ತೆಗೆಯುತ್ತಾರೆ. ಆ ಹವಳ ಆಗ ಉಪವಾಸ ಬಿದ್ದಿರುತ್ತದೆ. ಸತ್ತಿರುವುದಿಲ್ಲ. ಬೇಗ ನೀರು ತಣ್ಣಗಾದರೆ ಪಾಚಿ ವಾಪಸು ಬರುತ್ತದೆ, ಹವಳ ಬದುಕುತ್ತದೆ. ಇಲ್ಲದಿದ್ದರೆ ಸಾಯುತ್ತದೆ, ಮೇಲೆ ಬೇರೆ ಪಾಚಿ ಕೂದಲಿನಂತೆ ಬೆಳೆದು ಮಂಕಾಗುತ್ತದೆ. ನಿಮ್ಮ ಮಗಳಿಗೆ ಇಷ್ಟು ಹೇಳಿಕೊಡಿ: ಮೈಮೇಲೆ ಸಣ್ಣ ಸಣ್ಣ ಗುಳಿ, ಗೆರೆ, ನಕ್ಷತ್ರದಂಥ ಗುರುತು ಸ್ಪಷ್ಟವಾಗಿದ್ದು ಕಂದಾಗಿದ್ದರೆ ಜೀವಂತ. ಅಪ್ಪಟ ಬಿಳಿಯಾಗಿದ್ದರೆ ಕಾಯಿಲೆ. ಗುರುತೆಲ್ಲ ಮುಚ್ಚಿ ಪಾಚಿಯ ನವಿರು ಅಲ್ಲಾಡುತ್ತಿದ್ದರೆ ಸತ್ತದ್ದು. ಹತ್ತೇ ನಿಮಿಷದಲ್ಲಿ ಮಗು ನೆಂಟರಿಗಿಂತ ಚೆನ್ನಾಗಿ ಗುರುತಿಸುತ್ತದೆ.

ಸತ್ತದ್ದೂ ಜಾಸ್ತಿ ಕಾಣುತ್ತದೆ. ಅದನ್ನು ಮುಚ್ಚಿಡುವುದಿಲ್ಲ. 1998, 2010, 2016ರಲ್ಲಿ ಅಂಡಮಾನಿನ ಹವಳಕ್ಕೆ ಬಿಸಿ ನೀರಿನ ಪೆಟ್ಟು ಬಿತ್ತು. 2010ರದ್ದಂತೂ ಭಾರಿ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಡೀ ಪ್ರಪಂಚದ ಮಟ್ಟದ ನಾಲ್ಕನೇ ಹವಳ ಬಿಳಿಚುವಿಕೆಯನ್ನು ಘೋಷಿಸಿದರು. 2004ರ ಡಿಸೆಂಬರ್ 26ರ ಭೂಕಂಪವೂ ಇದೆ. ಉತ್ತರ ಅಂಡಮಾನಿನ ಕೆಲವು ಕಡೆ ನೆಲ ಮೇಲೆದ್ದು ಹವಳ ನೀರಿನಿಂದ ಹೊರಗೆ ಬಂದು ಒಣಗಿತು. ದಕ್ಷಿಣದಲ್ಲಿ ನೆಲ ಕುಸಿಯಿತು. ಇಷ್ಟೆಲ್ಲ ಆದ ಮೇಲೂ ಸತ್ತ ಕೊಂಬೆಗಳ ನಡುವೆ ಹೊಸ ಹವಳ ಅಂಗೈ ಅಗಲದಲ್ಲಿ ಚಿಗುರಿರುವುದನ್ನು ಕಂಡಾಗ ನನಗೆ ಈಗಲೂ ಕಣ್ಣು ತುಂಬುತ್ತದೆ. ನಿಮ್ಮ ಮಗಳು ನೋಡಬೇಕಾದ್ದು ಅದನ್ನೇ.

ಈಗ ಊರಿನ ವಿಷಯ. ಈ ಉದ್ಯಾನ ಘೋಷಣೆಯಾದದ್ದು 1983ರಲ್ಲಿ. ಸುಮಾರು 281 ಚದರ ಕಿಲೋಮೀಟರ್, 15 ದ್ವೀಪ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಶ್ರೀ ವಿಜಯಪುರಂ) ವಂಡೂರಿಗೆ ಸುಮಾರು 30 ಕಿಲೋಮೀಟರ್. ಪ್ರವಾಸಿಗರಿಗೆ ತೆರೆದಿರುವುದು ಎರಡೇ ದ್ವೀಪ, ಜಾಲಿ ಬಾಯ್ ಮತ್ತು ರೆಡ್ ಸ್ಕಿನ್. ಅದೂ ಒಂದು ಹೊತ್ತಿಗೆ ಒಂದೇ. ಸುಮಾರು ನವೆಂಬರ್‌ನಿಂದ ಮೇವರೆಗೆ ಜಾಲಿ ಬಾಯ್, ಮಳೆಗಾಲದಲ್ಲಿ ರೆಡ್ ಸ್ಕಿನ್. ಹೊಲವನ್ನು ಬೀಳು ಬಿಟ್ಟ ಹಾಗೆ, ಒಂದಕ್ಕೆ ಜನ ಹೋಗುವಾಗ ಇನ್ನೊಂದಕ್ಕೆ ವಿಶ್ರಾಂತಿ. ಸೋಮವಾರ ರಜೆ. ಅರಣ್ಯ ಇಲಾಖೆಯ ಪರ್ಮಿಟ್ ಬೇಕೇ ಬೇಕು. ದಿನಕ್ಕೆ ಇಷ್ಟೇ ಜನ ಅಂತ ಇರುವುದರಿಂದ ಮೊದಲೇ ಮಾಡಿಸಿ. ಎರಡೂ ದ್ವೀಪ ಒಳ್ಳೆಯವೇ, ಆದರೆ ನಿಮ್ಮಂಥವರಿಗೆ ಜಾಲಿ ಬಾಯ್. ಅಲ್ಲಿ ದಡದ ಹತ್ತಿರವೇ ಹವಳ ಶುರುವಾಗುತ್ತದೆ.

ಯಾವಾಗ? ಸ್ಕೂಲಿನ ಲೆಕ್ಕದಲ್ಲಿ ನಿಮಗೆ ಇರುವುದು ಕ್ರಿಸ್‌ಮಸ್ ರಜೆ ಅಥವಾ ಬೇಸಿಗೆ ರಜೆ. ಕ್ರಿಸ್‌ಮಸ್‌ನಲ್ಲಿ ನೂಕುನುಗ್ಗಲು, ಹಿಂಗಾರಿನ ಗಾಳಿಯೂ ಪೂರ್ತಿ ನಿಂತಿರುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್‌ನ ಮೊದಲ ಎರಡು ವಾರದಲ್ಲಿ ಹೋಗಿ. ಸಮುದ್ರ ಸಮಾಧಾನವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಮೇ ಬೇಡ. ಮೇ ಮೂರನೇ ವಾರಕ್ಕೆಲ್ಲ ಮುಂಗಾರು ಅಂಡಮಾನ್ ಮುಟ್ಟುತ್ತದೆ, ದೋಣಿ ನಿಲ್ಲಿಸಿಬಿಡುತ್ತಾರೆ. ಅಷ್ಟಲ್ಲದೆ ಏಪ್ರಿಲ್ ಕೊನೆ, ಮೇ ತಿಂಗಳು ಹವಳಕ್ಕೆ ಅತಿ ಕಷ್ಟದ ಕಾಲ.

ತಾರೀಖು ಗೊತ್ತು ಮಾಡುವ ಮುಂಚೆ ಅಮ್ಮನ ಹತ್ತಿರ ಕೇಳಿ, ಅಷ್ಟಮಿ ಯಾವತ್ತು ಅಂತ. ತಮಾಷೆಗೆ ಹೇಳುತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಉಬ್ಬರ ಇಳಿತ ಜೋರು. ನೀರಿನ ಸೆಳೆತ ಜಾಸ್ತಿ, ತಳದ ಮರಳು ಎದ್ದು ಮಬ್ಬು. ಅಷ್ಟಮಿಯಿಂದ ದಶಮಿಯವರೆಗೆ ಸಮುದ್ರದ ಏರಿಳಿತ ಅತಿ ಕಡಿಮೆ. ಈಜು ಬಾರದವರಿಗೆ ಈ ಮೂರು ದಿನ ಚಿನ್ನದಂಥವು. ಗೋಡೆಯ ಕ್ಯಾಲೆಂಡರ್ ನೋಡಿ, ಶುಕ್ಲ ಪಕ್ಷವೋ ಕೃಷ್ಣ ಪಕ್ಷವೋ ಯಾವುದಾದರೂ ಸರಿ, ಆಮೇಲೆ ವಿಮಾನದ ಟಿಕೆಟ್ ತೆಗೆಯಿರಿ. ನಾನು ಮನೆಯವರನ್ನು ಕರೆದುಕೊಂಡು ಹೋಗುವಾಗ ಹೀಗೇ ಮಾಡುವುದು.

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. ಗಡಿಯಾರ ಅದೇ, ಸೂರ್ಯ ಮಾತ್ರ ಬೇರೆ. ನಮಗಿಂತ ಅಷ್ಟು ಪೂರ್ವಕ್ಕಿರುವುದರಿಂದ ಏಪ್ರಿಲ್‌ನಲ್ಲಿ ಬೆಳಗ್ಗೆ ಐದೂಕಾಲಕ್ಕೆ ಬೆಳಕಾಗಿರುತ್ತದೆ, ಸಂಜೆ ಐದೂವರೆಗೆ ಮುಳುಗಿಬಿಡುತ್ತದೆ. ಹೋದ ದಿನವೇ ವಂಡೂರು ಇಟ್ಟುಕೊಳ್ಳಬೇಡಿ. ಎರಡನೇ ಅಥವಾ ಮೂರನೇ ದಿನ ಇಡಿ. ಬೆಳಗ್ಗೆ ಬೇಗ ಹೊರಡಿ. ಮೊದಲ ದೋಣಿ ಸಿಗಬೇಕು, ಯಾಕೆಂದರೆ ಬೆಳಗ್ಗೆ ಗಾಳಿ ಕಡಿಮೆ.

ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಜೆಟ್ಟಿಯಲ್ಲಿ ಬ್ಯಾಗ್ ನೋಡುತ್ತಾರೆ. ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ, ಬಟ್ಟೆ ಚೀಲ ಬೆಂಗಳೂರಿನಿಂದಲೇ ಇಟ್ಟುಕೊಳ್ಳಿ. ಅಲ್ಲಿ ಅಂಗಡಿ ಇಲ್ಲ, ಹೋಟೆಲ್ ಇಲ್ಲ. ಚಪಾತಿ ಪಲ್ಯವೋ ಚಿತ್ರಾನ್ನವೋ ಕಟ್ಟಿಸಿಕೊಳ್ಳಿ. ಜೆಟ್ಟಿಯಲ್ಲೇ ಶೌಚಕ್ಕೆ ಹೋಗಿ ದೋಣಿ ಹತ್ತಿ, ಮುಖ್ಯವಾಗಿ ಅಮ್ಮ.

ಅಮ್ಮನ ವಿಷಯವೇ ನನಗೆ ಹೆಚ್ಚು ಯೋಚನೆ. ಮಂಡಿ ನೋವಿನವರಿಗೆ ಸಮುದ್ರ ಕಷ್ಟವಲ್ಲ, ದೋಣಿಯಿಂದ ದೋಣಿಗೆ ದಾಟುವುದು ಕಷ್ಟ. ಜಾಲಿ ಬಾಯ್‌ನಲ್ಲಿ ದೊಡ್ಡ ದೋಣಿ ದಡಕ್ಕೆ ಬರುವುದಿಲ್ಲ. ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಗಾಜಿನ ತಳದ ಸಣ್ಣ ದೋಣಿಗೆ ಇಳಿದು, ದಡದಲ್ಲಿ ಮರಳಿಗೆ ಕಾಲಿಡಬೇಕು. ಎರಡೂ ದೋಣಿ ಅಲುಗಾಡುತ್ತಿರುತ್ತವೆ. ಮೊದಲೇ ದೋಣಿಯವರಿಗೆ ಹೇಳಿ, ಅವರು ಎರಡೂ ಕಡೆ ಕೈ ಹಿಡಿದು ಇಳಿಸುತ್ತಾರೆ. ಸೀರೆ ಬೇಡ, ಚೂಡಿದಾರ್ ಒಳ್ಳೆಯದು. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ವಾಂತಿ ಆಗುವವರಾದರೆ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮೊದಲೇ ಕೇಳಿ.

ಇಳಿದ ಮೇಲೆ ಅಮ್ಮನಿಗೆ ಸಿಗುವುದು ನಿಮಗಿಂತ ಕಡಿಮೆ ಏನಲ್ಲ. ಗಾಜಿನ ತಳದ ದೋಣಿಯಲ್ಲಿ ದಡ ಸೇರುವ ಹೊತ್ತಿಗೆ ಒಂದು ನೋಟ ಸಿಗುತ್ತದೆ, ಅದು ಗಡಿಬಿಡಿಯದು. ದುಡ್ಡು ಕೊಟ್ಟು ಇನ್ನೊಂದು ಸುತ್ತು ಹೋಗಿ. ಸೂರ್ಯ ನೆತ್ತಿಯ ಕಡೆ ಬಂದಾಗ ಹೋದರೆ ಬೆಳಕು ನೇರ ಕೆಳಗಿಳಿದು ತಳ ನಿಚ್ಚಳವಾಗಿ ಕಾಣುತ್ತದೆ. ಗಾಜಿನ ಮೇಲೆ ಹೊಳಪು ಬಂದರೆ ದುಪಟ್ಟಾ ತಲೆ ಮೇಲೆ ಹರಡಿಕೊಂಡು ಬಗ್ಗಿ ನೋಡಲಿ. ದೋಣಿಯವರಿಗೆ "ನಿಧಾನ, ಒಂದೇ ಕಡೆ ನಿಲ್ಲಿಸಿ" ಅನ್ನಿ. ಜನ ಹತ್ತು ಜಾಗ ತೋರಿಸಿ ಅಂತಾರೆ, ಅವರು ಓಡಿಸುತ್ತಾರೆ, ಏನೂ ಕಾಣುವುದಿಲ್ಲ. ಒಂದೇ ಹವಳದ ಮೇಲೆ ಐದು ನಿಮಿಷ ನಿಂತರೆ ಬಚ್ಚಿಟ್ಟುಕೊಂಡಿದ್ದ ಮೀನು ಒಂದೊಂದಾಗಿ ಹೊರಗೆ ಬರುತ್ತವೆ.

ಗಿಳಿ ಮೀನು ಹುಡುಕಿ. ಹಸಿರು ನೀಲಿ ಮೈ, ಗಿಳಿಯ ಕೊಕ್ಕಿನಂಥ ಬಾಯಿ. ಅದು ಪಾಚಿಗಾಗಿ ಸತ್ತ ಹವಳವನ್ನು ಕೆರೆಯುತ್ತದೆ. ಕಿವಿಗೊಟ್ಟರೆ ನೀರೊಳಗೆ ಕರಕರ ಸದ್ದು ಕೇಳುತ್ತದೆ, ಹುರಿಗಡಲೆ ಅಗಿದ ಹಾಗೆ. ನುಂಗಿದ ಸುಣ್ಣ ಹಿಂದಿನಿಂದ ಬಿಳಿ ಪುಡಿಯಾಗಿ ಬೀಳುತ್ತದೆ. ಆ ದಡದ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೆ ಮೀನಿನ ಹೊಟ್ಟೆಯಿಂದ ಬಂದದ್ದು. ಈ ಮಾತು ಹೇಳಿದರೆ ಮಕ್ಕಳು ಮರಳನ್ನು ನೋಡುವ ರೀತಿಯೇ ಬದಲಾಗುತ್ತದೆ. ಚಿಟ್ಟೆ ಮೀನು, ಕಪ್ಪು ಸಮುದ್ರ ಸೌತೆ, ನೀಲಿ ನಕ್ಷತ್ರ ಮೀನು, ಹವಳದಲ್ಲಿ ಹುದುಗಿ ಕೂತ ದೊಡ್ಡ ಕಪ್ಪೆಚಿಪ್ಪಿನ ನೀಲಿ ಹಸಿರು ತುಟಿ, ಇವೂ ಕಾಣಬಹುದು. ಹೋಗುವ ದಾರಿಯಲ್ಲಿ ಎರಡೂ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ನೋಡಿ, ಮರದ ತುದಿಯಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕೂತಿರಬಹುದು. ಕಡಲಾಮೆ ಅದೃಷ್ಟವಿದ್ದರೆ. ಕಡಲ ಹಸು, ಅಂದರೆ ಡ್ಯುಗಾಂಗ್, ಅಂಡಮಾನಿನ ರಾಜ್ಯ ಪ್ರಾಣಿ, ಆದರೆ ಅದು ಸಿಗುತ್ತದೆ ಅಂತ ಮಗಳಿಗೆ ಆಸೆ ಹುಟ್ಟಿಸಬೇಡಿ.

ನೀರಿಗಿಳಿಯುವುದು. ಈಜು ಬರಬೇಕೆಂದಿಲ್ಲ, ಆದರೆ ಮುಖ ನೀರಿಗಿಟ್ಟು ಬಾಯಿಂದ ಉಸಿರಾಡುವುದು ಅಭ್ಯಾಸವಾಗಿರಬೇಕು. ಇದನ್ನು ದ್ವೀಪದಲ್ಲಿ ಕಲಿಯುತ್ತೇವೆ ಅಂದರೆ ಇರುವ ಕೆಲವೇ ಗಂಟೆ ಗಾಬರಿಯಲ್ಲೇ ಮುಗಿಯುತ್ತದೆ. ಹೊರಡುವ ಮೊದಲು ನಾಲ್ಕು ಭಾನುವಾರ ಹತ್ತಿರದ ಈಜುಕೊಳಕ್ಕೆ ಹೋಗಿ, ಎದೆಮಟ್ಟದ ನೀರಲ್ಲಿ ಮಾಸ್ಕ್ (ಕಣ್ಣು ಮೂಗು ಮುಚ್ಚುವ ಗಾಜಿನ ಕವಚ) ಮತ್ತು ಸ್ನಾರ್ಕೆಲ್ (ಬಾಯಲ್ಲಿ ಕಚ್ಚಿ ಉಸಿರಾಡುವ ಕೊಳವೆ) ಹಾಕಿ ಅಭ್ಯಾಸ ಮಾಡಿ. ಮಗಳಿಗೆ ಮಕ್ಕಳ ಅಳತೆಯ ಮಾಸ್ಕ್ ಇಲ್ಲೇ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಲಿ. ಕೈ ಬಿಟ್ಟರೂ ಬೀಳದಿದ್ದರೆ ಅಳತೆ ಸರಿ. ಅಲ್ಲಿ ಬಾಡಿಗೆಗೆ ಸಿಗುವ ದೊಡ್ಡವರ ಮಾಸ್ಕ್ ಮಗುವಿನ ಮುಖಕ್ಕೆ ಕೂರುವುದಿಲ್ಲ, ನೀರು ನುಗ್ಗುತ್ತದೆ. ನುಗ್ಗಿದಾಗ ಏನಾಗುತ್ತದೆ ಅನ್ನುವುದು ನನಗೆ ಗೊತ್ತು.

ನಾನು ಓದುತ್ತಿದ್ದಾಗ, ಮೊದಲ ಸಲ ನೀರಿಗಿಳಿದ ದಿನ, ಬಾಡಿಗೆ ಮಾಸ್ಕಿಗೆ ನೀರು ತುಂಬಿತು. ಗಾಬರಿಯಲ್ಲಿ ಕಾಲಿಗೆ ಸಿಕ್ಕಿದ್ದರ ಮೇಲೆ ನಿಂತುಬಿಟ್ಟೆ. ಲಟಕ್ ಅಂತ ಸದ್ದು ಕಾಲಿನಿಂದ ಮೈಗೆ ಬಂತು. ಕೆಳಗೆ ನೋಡಿದರೆ ಜಿಂಕೆ ಕೊಂಬಿನಂಥ ಹವಳ ಮುರಿದು ಬಿದ್ದಿತ್ತು. ಅಂಥ ಕವಲು ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದು ಗೇಣಿಗಿಂತ ಕಡಿಮೆಯೇ ಬೆಳೆಯುತ್ತದೆ. ಗುಂಡು ಬಂಡೆಯಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ನಿಮ್ಮ ಅಮ್ಮನ ವಯಸ್ಸಿನ ಗುಂಡು ಹವಳ ಎತ್ತರದಲ್ಲಿ ಅವರ ಸೊಂಟಕ್ಕೂ ಬಂದಿರುವುದಿಲ್ಲ, ಅಷ್ಟೇ. ಅವತ್ತು ನನ್ನ ಪಾದವೂ ಕುಯ್ದಿತ್ತು. ಹವಳದ ಗಾಯದೊಳಗೆ ಸುಣ್ಣದ ಚೂರು ಉಳಿದು ಕೀವಾಗುತ್ತದೆ, ಮೂರು ವಾರ ಒಣಗಲಿಲ್ಲ. ಅಂದಿನಿಂದ ನಾನು ಯಾರನ್ನೂ ಲೈಫ್ ಜಾಕೆಟ್ ಇಲ್ಲದೆ ಹವಳದ ಮೇಲೆ ಕರೆದೊಯ್ಯುವುದಿಲ್ಲ. ಜಾಕೆಟ್ ಇದ್ದರೆ ಗಾಬರಿಯಾದರೂ ನಿಲ್ಲುವ ಅಗತ್ಯ ಬರುವುದಿಲ್ಲ. ಮಲಗಿದರೆ ಸಾಕು. ಗೈಡ್ ರಬ್ಬರ್ ಟ್ಯೂಬ್ ಹಿಡಿದು ಎಳೆಯುತ್ತಾರೆ, ನೀವು ಮತ್ತು ಮಗಳು ಅದನ್ನು ಹಿಡಿದು ತೇಲಿ. ಒಬ್ಬ ಗೈಡ್‌ಗೆ ನೀವಿಬ್ಬರೇ ಸಾಕು. ಕಾಲಿಗೆ ಈಜುವ ರಬ್ಬರ್ ರೆಕ್ಕೆ (ಫಿನ್) ಕಟ್ಟಿಕೊಳ್ಳಬೇಡಿ, ಹೊಸಬರ ರೆಕ್ಕೆ ಹವಳಕ್ಕೆ ಹೊಡೆಯುತ್ತದೆ.

ಬಿಸಿಲಿಗೆ ಕ್ರೀಮ್ ಬದಲು ತುಂಬು ತೋಳಿನ ಈಜು ಬಟ್ಟೆ ಹಾಕಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್ ಹವಳದ ಮರಿಗಳಿಗೆ ಕೆಡುಕು ಅಂತ ಹವಾಯಿಯಲ್ಲಿ 2021ರಿಂದ ಮಾರಾಟವನ್ನೇ ನಿಲ್ಲಿಸಿದ್ದಾರೆ. ಮುಖಕ್ಕೆ ಬೇಕಾದರೆ ಜಿಂಕ್ ಆಕ್ಸೈಡ್ ಇರುವ ಬಿಳಿ ಲೇಪ ಸಾಕು.

ಮೊಸಳೆ ಇದೆ, ನಿಜ. ಉಪ್ಪುನೀರಿನ ಮೊಸಳೆ, ವಂಡೂರಿನ ಪಕ್ಕದ ಲೋಹಾಬರಾಕ್‌ನಲ್ಲಿ ಅದಕ್ಕೇ ಒಂದು ಅಭಯಾರಣ್ಯವಿದೆ. ಮೊಸಳೆ ಹೆಚ್ಚಾಗಿ ಇರುವುದು ತೊರೆಗಳಲ್ಲಿ, ಕಾಂಡ್ಲಾ ಕಾಡಿನ ಅಂಚಿನಲ್ಲಿ. ಬೇಟೆಯಾಡುವುದು ಮುಖ್ಯವಾಗಿ ಸಂಜೆ, ರಾತ್ರಿ, ನಸುಕಿನಲ್ಲಿ. ಆದ್ದರಿಂದ ದ್ವೀಪದಲ್ಲಿ ಗೈಡ್ ತೋರಿಸಿದ ಜಾಗದಲ್ಲಿ ಹಗಲು ನೀರಿಗಿಳಿಯಿರಿ. ವಾಪಸು ಬಂದ ಮೇಲೆ ವಂಡೂರು ಬೀಚ್‌ನಲ್ಲಿ "ಸ್ವಲ್ಪ ಕಾಲು ನೆನೆಸೋಣ" ಅಂತ ಸಂಜೆ ಇಳಿಯಬೇಡಿ. ಅಲ್ಲಿ ಎಚ್ಚರಿಕೆಯ ಬೋರ್ಡ್ ಸುಮ್ನೆ ಹಾಕಿಲ್ಲ. ತೊರೆ ಸಮುದ್ರ ಸೇರುವ ಬಾಯಿಯಿಂದ ಯಾವ ಹೊತ್ತಿನಲ್ಲೂ ದೂರ ಇರಿ.

ನೇತ್ರಾಣಿ ನನಗೆ ತುಂಬ ಪ್ರೀತಿಯ ಜಾಗ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಬರಬಹುದು, ಖರ್ಚೂ ಕಡಿಮೆ. ಆದರೆ ಅದು ರಾಷ್ಟ್ರೀಯ ಉದ್ಯಾನವಲ್ಲ. ಅಲ್ಲಿ ಮರಳಿನ ದಡವೂ ಇಲ್ಲ, ದೋಣಿಯಿಂದ ನೇರ ಆಳದ ನೀರಿಗೆ ಇಳಿಯಬೇಕು. ಸಮುದ್ರದಲ್ಲಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು, ಮಾಡಲು ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು. ಅಮ್ಮ ದೋಣಿಯಲ್ಲೇ ಅಲುಗಾಡುತ್ತ ಕೂರಬೇಕಾಗುತ್ತದೆ. ಮಗಳಿಗೆ ಈಜು ಬಂದ ಮೇಲೆ ಹೋಗಿ. ಗುಜರಾತಿನ ಜಾಮ್‌ನಗರದ ಹತ್ತಿರದ ನರಾರಾದಲ್ಲಿ ಇಳಿತದ ಹೊತ್ತಿಗೆ ನಡೆದೇ ಹವಳ ನೋಡಬಹುದು, ಆದರೆ ಜಾರುವ ಕಲ್ಲಿನ ಮೇಲೆ ಗಂಟೆಗಟ್ಟಲೆ ನಡಿಗೆ, ಆ ಮಂಡಿಗೆ ಆಗದು. ತಮಿಳುನಾಡಿನ ಮನ್ನಾರ್ ಕೊಲ್ಲಿಯ 21 ದ್ವೀಪಗಳಿಗೆ ನಮ್ಮಿಷ್ಟದಂತೆ ಹೋಗಿ ಇಳಿಯಲು ಬಿಡುವುದಿಲ್ಲ. ಅಲ್ಲಿ ದಶಕಗಳ ಕಾಲ ಸುಣ್ಣಕ್ಕಾಗಿ ಹವಳ ಕಿತ್ತರು. ಎರಡು ದ್ವೀಪ ನೀರಿನಡಿಗೆ ಹೋಗಿಬಿಟ್ಟಿವೆ.

ಚಿಪ್ಪು ಬೇಡ. ಒಂದೂ ಬೇಡ, ಒಡೆದದ್ದೂ ಬೇಡ. ಉದ್ಯಾನದಿಂದ ಏನನ್ನೂ ಒಯ್ಯುವಂತಿಲ್ಲ. ಕಲ್ಲು ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕೆಲವು ಶಂಖ ಚಿಪ್ಪುಗಳೂ ಆ ಕಾಯ್ದೆಯಡಿ ಬರುತ್ತವೆ. ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸುತ್ತಾರೆ. ಮಗಳಿಗೆ ಕಾನೂನಿನ ಮಾತು ಬೇಡ, ದಡದಲ್ಲಿ ಒಂದು ಹತ್ತು ನಿಮಿಷ ಅಲ್ಲಾಡದೆ ಕೂರಿಸಿ. ಖಾಲಿ ಅಂದುಕೊಂಡ ಚಿಪ್ಪು ಎದ್ದು ನಡೆಯುತ್ತದೆ. ಸನ್ಯಾಸಿ ಏಡಿಯ ಹಿಂಭಾಗ ಮೆತ್ತಗೆ, ಅದಕ್ಕೆ ಗಟ್ಟಿ ಕವಚವಿಲ್ಲ, ಬೆಳೆದ ಹಾಗೆ ಒಂದಕ್ಕಿಂತ ದೊಡ್ಡ ಇನ್ನೊಂದು ಚಿಪ್ಪು ಹುಡುಕಿಕೊಂಡು ಮನೆ ಬದಲಿಸುತ್ತದೆ. ಇನ್ನೊಂದು ಕಾರಣವೂ ಇದೆ. ಕೋನ್ ಶಂಖ ಅಂತ ಒಂದು, ನೋಡಲು ಬಲು ಚೆಂದ, ಜೀವಂತವಿದ್ದರೆ ವಿಷದ ಮುಳ್ಳು ಚುಚ್ಚುತ್ತದೆ, ಅದರಿಂದ ಜನ ಸತ್ತಿದ್ದಾರೆ. ನೀರಲ್ಲಿ ಬಿದ್ದ ಯಾವ ಶಂಖಕ್ಕೂ ಕೈ ಹಾಕದಿರಲಿ.

ನಿಮ್ಮ ಕನ್ನಡಕದ ವಿಷಯ ಮರೆಯುತ್ತಿದ್ದೆ. ಮಾಸ್ಕಿನೊಳಗೆ ಕನ್ನಡಕ ಹಾಕಲಾಗದು. ಪವರ್ ಗಾಜಿರುವ ಮಾಸ್ಕ್ ಸಿಗುತ್ತದೆ, ಎರಡು ಕಣ್ಣಿಗೂ ಬೇರೆ ಬೇರೆ ಪವರ್ ಹಾಕಿಸಬಹುದು. ತರಿಸಲು ಸಮಯ ಹಿಡಿಯುತ್ತದೆ, ಫೆಬ್ರವರಿಯಲ್ಲೇ ಹೇಳಿಬಿಡಿ. ಮೊದಲ ಭಾನುವಾರ ಈಜುಕೊಳಕ್ಕೆ ಹೋಗುವಾಗ ಅದು ಕೈಯಲ್ಲಿರಲಿ.